ಸಹಾಯ ಬೇಕು: ಸಕ್ಕರೆ ಕಾಯಿಲೆ ಬಂದಿರುವ ಬೆಕ್ಕಿನ ಮನೆ ಆರೈಕೆ

ನಮ್ಮ ಹತ್ತು ವರ್ಷದ ಗಂಡು ಬೆಕ್ಕಿಗೆ ಸಕ್ಕರೆ ಕಾಯಿಲೆ ಇರುವುದು ಕಳೆದ ವಾರ ಖಚಿತವಾಯಿತು. ವಿಪರೀತ ನೀರು ಕುಡಿಯುತ್ತ, ಚೆನ್ನಾಗಿ ತಿಂದರೂ ಸೊರಗುತ್ತಿದ್ದ ಅವನನ್ನು ಕಂಡು ವಯಸ್ಸಿನ ಪರಿಣಾಮವೆಂದು ಕೆಲವು ವಾರ ಸುಮ್ಮನಿದ್ದುದಕ್ಕೆ ಈಗ ಮನಸ್ಸು ನೋಯುತ್ತಿದೆ.

ಪಶುವೈದ್ಯರ ಸೂಚನೆಯಂತೆ 12 ಗಂಟೆಗಳ ಅಂತರದಲ್ಲಿ ದಿನಕ್ಕೆರಡು ಬಾರಿ 1 ಯೂನಿಟ್ ಗ್ಲಾರ್ಜಿನ್ ಇನ್ಸುಲಿನ್ ಕೊಡುತ್ತಿದ್ದೇವೆ. ಇದಕ್ಕೆ ಯು-100 (ಮಿಲಿಲೀಟರಿಗೆ 100 ಯೂನಿಟ್ ಲೆಕ್ಕದ ಗೆರೆಗಳಿರುವ) ಸಿರಿಂಜನ್ನೇ ಬಳಸಬೇಕು, ಮಿಲಿಲೀಟರಿಗೆ 40 ಯೂನಿಟ್ ಲೆಕ್ಕದ ಯು-40 ಸಿರಿಂಜಿನಲ್ಲಿ ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಟ್ಟು ಔಷಧ ಒಳಹೋಗುತ್ತದೆ ಎಂದು ತಿಳಿದ ಮೇಲೆ ಪ್ರತಿ ಸಲವೂ ಎರಡೆರಡು ಬಾರಿ ನೋಡಿಕೊಳ್ಳುತ್ತೇನೆ. ಚುಚ್ಚುವುದು ಹೆದರಿದಷ್ಟು ಕಷ್ಟವಾಗಲಿಲ್ಲ.

ಕಷ್ಟವಾಗಿರುವುದು ರಕ್ತಪರೀಕ್ಷೆ. ಆಸ್ಪತ್ರೆಯಲ್ಲಿ ಗಾಬರಿಯಿಂದಲೇ ಬೆಕ್ಕಿನ ಸಕ್ಕರೆ ಏರುವುದರಿಂದ ಮನೆಯ ಅಳತೆಯೇ ಹೆಚ್ಚು ನಂಬಲರ್ಹ. ಆದರೆ ಕಿವಿಯಂಚನ್ನು ಬೆಚ್ಚಗೆ ಮಾಡಿ ಚುಚ್ಚಿದರೂ ಸಾಕಷ್ಟು ರಕ್ತ ಬರುವುದಿಲ್ಲ, ಅವನೂ ಈಗ ನನ್ನನ್ನು ಕಂಡರೆ ಅಡಗುತ್ತಾನೆ. ಇದನ್ನು ಅಭ್ಯಾಸ ಮಾಡಿಸಿದವರು ಹೇಗೆ ಆರಂಭಿಸಿದಿರಿ?

ಒಣ ಆಹಾರದಿಂದ ಪಿಷ್ಟ ಕಡಿಮೆಯಿರುವ, ನೀರಿನಂಶ ಹೆಚ್ಚಿರುವ ಮೆತ್ತನೆಯ ಆಹಾರಕ್ಕೆ ಬದಲಾಯಿಸುವಾಗ ಇನ್ಸುಲಿನ್ ಅಗತ್ಯವೂ ತಗ್ಗಬಹುದೆಂದು ವೈದ್ಯರು ಎಚ್ಚರಿಸಿದ್ದಾರೆ. ಆದ್ದರಿಂದ ಸಕ್ಕರೆ ಕುಸಿದು ತೂರಾಡಿದರೆ ಒಸಡಿಗೆ ಸವರಲು ಜೇನುತುಪ್ಪ ಕೈಗೆಟಕುವಂತೆ ಇಟ್ಟಿದ್ದೇನೆ. ಈ ಬದಲಾವಣೆಯ ದಿನಗಳಲ್ಲಿ ನೀವು ಎಷ್ಟು ಗಂಟೆಗೊಮ್ಮೆ ಅಳೆಯುತ್ತಿದ್ದಿರಿ? ಚುಚ್ಚುಮದ್ದಿನ ಹೊತ್ತಿಗೆ ಬೆಕ್ಕು ಅರ್ಧವೇ ತಿಂದಾಗ ನಿಮ್ಮ ವೈದ್ಯರು ಏನು ಮಾಡಲು ಹೇಳಿದ್ದರು? ಸ್ವಂತ ಅನುಭವವಿರುವವರು ದಯವಿಟ್ಟು ವಿವರವಾಗಿ ಬರೆಯಿರಿ. ಪ್ರತಿಯೊಂದನ್ನೂ ನಮ್ಮ ವೈದ್ಯರೊಂದಿಗೆ ಚರ್ಚಿಸಿಯೇ ಮುಂದುವರಿಯುತ್ತೇನೆ.