ರೂಪಾಯಿ ಇಳಿದರೆ ಬಾದಾಮಿಗೆ ವಿದೇಶಿ ಪ್ರವಾಸಿಗರು ಹೆಚ್ಚುತ್ತಾರೆಯೇ?

ಪ್ರಶ್ನೆ (ಬಾದಾಮಿಯಿಂದ):
ನಮ್ಮ ಮನೆಯ ಮಾಳಿಗೆಯ ಮೇಲೆ ನಾಲ್ಕು ಕೋಣೆ ಕಟ್ಟಿಸಿ ಹೋಂಸ್ಟೇ ನಡೆಸುವ ವಿಚಾರವಿದೆ. ಡಾಲರ್ ಎದುರು ರೂಪಾಯಿ ಇಳಿದಷ್ಟೂ ವಿದೇಶಿಯರಿಗೆ ನಮ್ಮ ದೇಶ ಅಗ್ಗವಾಗುತ್ತದೆ, ಆದ್ದರಿಂದ ಅವರನ್ನೇ ನಂಬಿ ಬಂಡವಾಳ ಹಾಕಬಹುದು ಎಂದು ಗೆಳೆಯರು ಹೇಳುತ್ತಾರೆ. ಬ್ಯಾಂಕ್ ಸಾಲಕ್ಕೆ ಅರ್ಜಿ ಹಾಕುವ ಮೊದಲು ತಿಳಿದವರ ಅಭಿಪ್ರಾಯ ಕೇಳಬೇಕೆನಿಸಿತು.

ಉತ್ತರ (ವಿಜಯಪುರದಿಂದ):
ಗೆಳೆಯರ ಮಾತು ಅರ್ಧ ಸರಿ. 2008ರಲ್ಲಿ ಐಸ್‌ಲ್ಯಾಂಡಿನ ಬ್ಯಾಂಕುಗಳು ಮುಳುಗಿ ಅಲ್ಲಿನ ನಾಣ್ಯವಾದ ಕ್ರೋನಾದ ಬೆಲೆ ಕುಸಿದ ನಂತರದ ವರ್ಷಗಳಲ್ಲಿ, ಅದುವರೆಗೆ ಬಲು ದುಬಾರಿಯಾಗಿದ್ದ ಆ ದೇಶಕ್ಕೆ ಪ್ರವಾಸಿಗರು ಮುಗಿಬಿದ್ದರು. ಯೆನ್ ಅಗ್ಗವಾಗಿದ್ದ 2024ರಲ್ಲಿ ಜಪಾನಿಗೆ 3.6 ಕೋಟಿಗೂ ಹೆಚ್ಚು ವಿದೇಶಿಯರು ಬಂದರು. ಆದರೆ ಆ ದೇಶಗಳಿಗೆ ನೇರ ವಿಮಾನಗಳಿವೆ. ನಮ್ಮ ಕಡೆಗೆ ಬರುವವರು ಬೆಂಗಳೂರಿನಲ್ಲೋ ಗೋವಾದಲ್ಲೋ ಇಳಿದು, ಮತ್ತೆ ರೈಲು ಅಥವಾ ಕಾರು ಹಿಡಿಯಬೇಕು. ಇನ್ನೊಂದು ಸಂಗತಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ನಾವು ಕಚ್ಚಾತೈಲವನ್ನು ಡಾಲರ್ ಕೊಟ್ಟು ತರಿಸುವುದರಿಂದ ರೂಪಾಯಿ ಇಳಿದಾಗ ಇಂಧನದ ಖರ್ಚೂ ರೂಪಾಯಿ ಲೆಕ್ಕದಲ್ಲಿ ಏರುತ್ತದೆ, ಹೀಗಾಗಿ ಕೋಣೆಯ ಬಾಡಿಗೆ ಅಗ್ಗವಾದಷ್ಟು ಪ್ರಯಾಣ ವಿದೇಶಿಯರಿಗೆ ಅಗ್ಗವಾಗುವುದಿಲ್ಲ.

ಉತ್ತರ (ಬಾಗಲಕೋಟೆಯಿಂದ):
ಹವಾಮಾನವನ್ನು ಬಿಟ್ಟು ಈ ಲೆಕ್ಕ ಪೂರ್ತಿಯಾಗದು. 2023ರ ಜುಲೈನಲ್ಲಿ ಬಿಸಿಲಿನ ತಾಪಕ್ಕೆ ಗ್ರೀಸಿನ ಅಥೆನ್ಸಿನಲ್ಲಿ ಗುಡ್ಡದ ಮೇಲಿರುವ ಪ್ರಾಚೀನ ದೇಗುಲಗಳ ತಾಣವಾದ ಆಕ್ರೊಪೊಲಿಸ್ ಅನ್ನೇ ನಡುಹಗಲಿನಲ್ಲಿ ಮುಚ್ಚಬೇಕಾಯಿತು. ಏಪ್ರಿಲ್ ಮಧ್ಯಾಹ್ನ ಬಾದಾಮಿ ಬಳಿಯ ಮಹಾಕೂಟ ದೇವಾಲಯದ ಹಾಸುಗಲ್ಲಿನ ಮೇಲೆ ಬರಿಗಾಲಿನಲ್ಲಿ ನಡೆದವರಿಗೆ ಅದರ ಕಾರಣವನ್ನು ಬಿಡಿಸಿ ಹೇಳಬೇಕಿಲ್ಲ. ಮಳೆಗಾಲದ ಭರವಸೆಯೂ ಇಲ್ಲ: 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ದೇವಾಲಯಗಳ ಆವರಣಕ್ಕೇ ನೀರು ನುಗ್ಗಿತ್ತು. ಉಳಿಯುವುದು ಅಕ್ಟೋಬರ್‌ನಿಂದ ಫೆಬ್ರವರಿವರೆಗಿನ ಸೀಸನ್. ಸಾಲದ ಕಂತು ಮಾತ್ರ ಹನ್ನೆರಡೂ ತಿಂಗಳು ಇರುತ್ತದೆ. ಮೇಲಾಗಿ 2020ರಲ್ಲಿ ಜಗತ್ತಿನ ಅಂತಾರಾಷ್ಟ್ರೀಯ ಪ್ರವಾಸ ಮುಕ್ಕಾಲು ಪಾಲಿನಷ್ಟು ಕುಸಿದುದನ್ನು ನೆನಪಿಡಿ. ಬನಶಂಕರಿ ಜಾತ್ರೆಗೆ ಬರುವವರನ್ನೂ ಡಿಸೆಂಬರ್‌ನ ಶಾಲಾ ಪ್ರವಾಸಗಳನ್ನೂ ನಂಬುವುದು ಹೆಚ್ಚು ಕ್ಷೇಮ.

ಉತ್ತರ (ಬೆಳಗಾವಿಯಿಂದ):
ಕೊನೆಯ ಮಾತನ್ನು ನಾನು ಒಪ್ಪಲಾರೆ. ಶಾಲಾ ಬಸ್ಸು ಬಾದಾಮಿ, ಪಟ್ಟದಕಲ್ಲು, ಐಹೊಳೆಗಳನ್ನು ಒಂದೇ ದಿನದಲ್ಲಿ ಮುಗಿಸಿ ಹೊರಟುಬಿಡುತ್ತದೆ. ಜಾತ್ರೆಯ ಬಹುತೇಕ ಜನ ನೆಂಟರ ಮನೆಯಲ್ಲಿ ಉಳಿಯುತ್ತಾರೆ. ಕೋಣೆ ಹಿಡಿದು ಎರಡು ರಾತ್ರಿ ತಂಗುವವರು ಬೆಂಗಳೂರು, ಪುಣೆಗಳಿಂದ ಸ್ವಂತ ಕಾರಿನಲ್ಲಿ ಬರುವ ಕುಟುಂಬಗಳು ಮತ್ತು ಬಂಡೆ ಹತ್ತಲು ಬರುವ ಯುವಕರು. ಅವರನ್ನು ಗಮನದಲ್ಲಿಟ್ಟು ಮೊದಲು ಎರಡೇ ಕೋಣೆ ಕಟ್ಟಿಸಿ, ಮೇ ತಿಂಗಳ ನೀರಿಗೆ ದೊಡ್ಡ ತೊಟ್ಟಿಯ ವ್ಯವಸ್ಥೆ ಮಾಡಿಕೊಳ್ಳಿ. ವಿದೇಶಿಯರು ಬಂದರೆ ಅದನ್ನು ಮೇಲುಸಂಪಾದನೆ ಎಂದು ಎಣಿಸಿ.