ಕಾಡಂಚಿನ ಕೆರೆ, ಸ್ವಲ್ಪ ನಡಿಗೆ, ಗಲಾಟೆ ಬೇಡ: ಎಲ್ಲಿಗೆ ಹೋಗಬಹುದು?

ಕೇಳಿದವರು, ಬೆಂಗಳೂರಿನಿಂದ:
ನಾವು ಮೂರು ಜನ. ನಾನು, ಹೆಂಡತಿ, ಅಮ್ಮ. ಅಮ್ಮನಿಗೆ ಮಂಡಿ ನೋವಿದೆ. ಮೆಟ್ಟಿಲು ಕಷ್ಟ, ಆದರೆ ಸಮತಟ್ಟು ದಾರಿಯಲ್ಲಿ ಎರಡು ಕಿಲೋಮೀಟರ್ ಆರಾಮಾಗಿ ನಡೆಯುತ್ತಾರೆ. ನವೆಂಬರ್ ಕೊನೆಗೆ ಒಂದು ರಾತ್ರಿ ಎಲ್ಲಾದರೂ ಉಳಿದು ಬರೋಣ ಅಂತಿದ್ದೇವೆ. ಕಾಡು ಕಾಣಬೇಕು, ಕೆರೆ ಇರಬೇಕು, ರಾತ್ರಿ ಡಿಜೆ ಹಾಕುವ ರೆಸಾರ್ಟ್ ಬೇಡ. ಹೆಂಡತಿಗೆ ಈಜು ಬರುತ್ತದೆ. ಕೆರೆಗೆ ಇಳಿಯಬಹುದಾ ಅಂತ ಕೇಳುತ್ತಿದ್ದಾಳೆ. ಹೋಗಿ ಬಂದವರು ಹೇಳಿ.

ಕಡೂರು ಕಡೆಯ ಒಬ್ಬರು:
ನಮ್ಮ ಅಯ್ಯನಕೆರೆಗೆ ಬನ್ನಿ. ಸಖರಾಯಪಟ್ಟಣದಿಂದ ಆರೇಳು ಕಿಲೋಮೀಟರ್. ಬಾಬಾಬುಡನ್‌ಗಿರಿ ಸಾಲಿನ ಪೂರ್ವದ ತಪ್ಪಲು ಇದು. ಮೂರು ಕಡೆ ಬೆಟ್ಟ, ಒಂದು ಕಡೆ ಏರಿ. ಕೆರೆಯ ಹಿಂದೆ ಚೂಪಾಗಿ ಎದ್ದು ನಿಂತಿರುವುದು ಶಕುನಗಿರಿ. ನೀವು ಎಲ್ಲಿ ಕೂತರೂ ಅದು ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲೇ ಹೊಯ್ಸಳರ ಕಾಲದ ಬಲ್ಲಾಳೇಶ್ವರ ದೇವಸ್ಥಾನವಿದೆ. ಅಮ್ಮನಿಗೆ ಅಲ್ಲಿ ಕೂರಲು ಜಗಲಿ ಸಿಗುತ್ತದೆ.

ಟ್ರೆಕ್ಕಿಂಗ್ ಅಂದರೆ ಎಲ್ಲರೂ ಬೆಟ್ಟ ಹತ್ತುವುದನ್ನೇ ಹೇಳುತ್ತಾರೆ. ನನ್ನ ಪ್ರಕಾರ ಅಮ್ಮನಂಥವರಿಗೆ ಕೆರೆ ಏರಿಗಿಂತ ಒಳ್ಳೆಯ ದಾರಿ ಇಲ್ಲ. ಏರು ಇಲ್ಲ, ಇಳಿಜಾರು ಇಲ್ಲ. ಸುಸ್ತಾದರೆ ಅಲ್ಲೇ ತಿರುಗಿ ವಾಪಸ್ ಬರಬಹುದು. ಒಂದು ಬದಿ ನೀರು, ಇನ್ನೊಂದು ಬದಿ ಕೆಳಗೆ ತೋಟ, ಗದ್ದೆ. ತೂಬಿನಿಂದ ನೀರು ಬಿಟ್ಟಿದ್ದರೆ ಕಾಲುವೆ ಉದ್ದಕ್ಕೂ ಬೆಳ್ಳಕ್ಕಿಗಳು ಸಾಲಾಗಿ ನಿಂತಿರುತ್ತವೆ. ಬೆಳಿಗ್ಗೆ ಆರೂವರೆಗೆ ಏರಿ ಮೇಲೆ ಇರುವ ಹಾಗೆ ನೋಡಿಕೊಳ್ಳಿ. ನವೆಂಬರ್‌ನಲ್ಲಿ ಆ ಹೊತ್ತಿಗೆ ನೀರಿನ ಮೇಲೆ ಮಂಜು ಇರುತ್ತದೆ, ಗಾಳಿ ಇರುವುದಿಲ್ಲ. ಎದುರು ದಡದಲ್ಲಿ ದನ ಕಾಯುವವರು ಮಾತಾಡಿದ್ದೂ ಕೇಳಿಸುತ್ತದೆ. ನೀವೂ ಜೋರಾಗಿ ಮಾತಾಡಿದರೆ ಅವರಿಗೆ ಕೇಳಿಸುತ್ತದೆ, ನೆನಪಿರಲಿ!

ಎರಡು ಎಚ್ಚರಿಕೆ. ಏರಿಯ ನೀರಿನ ಬದಿಯ ಕಲ್ಲುಗಳ ಮೇಲೆ ಇಳಿಯಬೇಡಿ, ಪಾಚಿ ಕಟ್ಟಿರುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಕೋಡಿ ಬೀಳುತ್ತಿದ್ದರೆ ಅದನ್ನು ದೂರದಿಂದಲೇ ನೋಡಿ. ಕೋಡಿ ಕಲ್ಲಿನ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವ ಹುಚ್ಚು ಈಗ ಜಾಸ್ತಿಯಾಗಿದೆ. ಮತ್ತೆ, ಭಾನುವಾರ ಬರಬೇಡಿ. ಭಾನುವಾರ ಇದು ಬೇರೆಯೇ ಕೆರೆ.

ಚಿಕ್ಕಮಗಳೂರಿನಿಂದ:
ಊರಿಗೆ ಹತ್ತಿರ ಬೇಕು ಅಂದರೆ ಹಿರೇಕೊಳಲೆ ಕೆರೆ. ಹತ್ತು ಕಿಲೋಮೀಟರ್ ಒಳಗೆ. ನೋಡಲು ಬಹಳ ಚಂದ, ಸುತ್ತ ಬೆಟ್ಟ. ಆದರೆ ಸಂಜೆ ಹೊತ್ತು ಕಾರುಗಳ ಸಾಲು. ಬೆಳಿಗ್ಗೆ ಏಳು ಗಂಟೆಯೊಳಗೆ ಹೋದರೆ ಮಾತ್ರ ನೀವು ಕೇಳಿದ ಶಾಂತಿ ಸಿಗುತ್ತದೆ. ಇದು ನಮ್ಮ ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಹಾಗಾಗಿ ಕಾಲು ತೊಳೆಯುವುದು, ತಟ್ಟೆ ತೊಳೆಯುವುದು, ಈಜು, ಯಾವುದೂ ಬೇಡ ದಯವಿಟ್ಟು. ಮುಳ್ಳಯ್ಯನಗಿರಿಯನ್ನೂ ಸೇರಿಸಿಕೊಳ್ಳಬೇಡಿ. ಅಲ್ಲಿ ಮೆಟ್ಟಿಲಿದೆ, ಜನರಿದ್ದಾರೆ, ವಾಹನದ ಕ್ಯೂ ಇದೆ.

ಮಾಗಡಿ ರಸ್ತೆಯವರು:
ಈಜಿನ ಬಗ್ಗೆ ಮಾತ್ರ ಹೇಳುತ್ತೇನೆ. ನಿಮ್ಮ ಮನೆಯವರಿಗೆ ಎಷ್ಟೇ ಚೆನ್ನಾಗಿ ಈಜು ಬಂದರೂ ಬೇಡ ಅನ್ನಿ. ಈಜುಕೊಳ ಬೇರೆ, ಕೆರೆ ಬೇರೆ. ದಡದಿಂದ ನಾಲ್ಕು ಹೆಜ್ಜೆ ತನಕ ಮೊಣಕಾಲುದ್ದ ನೀರು, ಐದನೇ ಹೆಜ್ಜೆಗೆ ಮಣ್ಣು ತೆಗೆದ ಗುಂಡಿ. ಕೆಳಗೆ ಹೂಳು. ಹೂಳಲ್ಲಿ ಕಾಲು ಹೂತರೆ ಒದ್ದಷ್ಟೂ ಒಳಗೆ ಎಳೆಯುತ್ತದೆ. ಜೊತೆಗೆ ಜೊಂಡು, ಹಳೇ ಮೀನಿನ ಬಲೆ. ಮಂಚನಬೆಲೆ ಜಲಾಶಯದ ಸುದ್ದಿ ಪೇಪರಿನಲ್ಲಿ ಓದಿಯೇ ಇರುತ್ತೀರಿ. ಅಲ್ಲಿ ಮುಳುಗಿದವರಲ್ಲಿ ಈಜು ಬರುವವರೂ ಇದ್ದರು. ಒಬ್ಬರನ್ನು ಎಳೆಯಲು ಹೋಗಿ ಇನ್ನೊಬ್ಬರು ಹೋಗುವುದು ಇಂಥ ಕಡೆಯೇ.

ನೀರಿಗೆ ಇಳಿಯಲೇಬೇಕು ಅಂದರೆ ಸಾಗರದ ಹತ್ತಿರ ಹೊನ್ನೇಮರಡು ನೋಡಿ. ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು, ಕಾಡಿನ ನಡುವೆ. ಲೈಫ್ ಜಾಕೆಟ್ ಹಾಕಿಸಿ, ತರಬೇತಿ ಇರುವವರ ಜೊತೆಗೇ ನೀರಿಗೆ ಬಿಡುತ್ತಾರೆ. ಮೊದಲೇ ಮಾತಾಡಿಕೊಂಡು ಹೋಗಬೇಕು. ಮಳೆಗಾಲ ಮುಗಿದ ಮೇಲೆ ನೀರು ತುಂಬಿರುತ್ತದೆ. ಬೇಸಿಗೆಗೆ ಹೋದರೆ ನೀರು ಹಿಂದೆ ಸರಿದು ಬರೀ ಕೆಂಪು ಮಣ್ಣು. ಒಂದೇ ರಾತ್ರಿಗೆ ಬೆಂಗಳೂರಿನಿಂದ ದೂರ ಆಯಿತು, ಅದೊಂದೇ ತೊಂದರೆ.

ಸೊರಬದಿಂದ ಒಬ್ಬ ಅಕ್ಕ:
ಅಮ್ಮನ ಮಂಡಿ ನೋವು ಅಂದಿರಲ್ಲ, ಹಾಗಾದರೆ ನಮ್ಮ ಗುಡವಿಯನ್ನೂ ಒಮ್ಮೆ ಯೋಚಿಸಿ. ಪಕ್ಷಿಧಾಮ. ಕಾಡಿನ ಮಧ್ಯೆ ಕೆರೆ, ಕೆರೆ ಪಕ್ಕದಲ್ಲಿ ನಡೆಯಲು ದಾರಿ, ಅಲ್ಲಲ್ಲಿ ಕೂರುವ ಜಾಗ. ಜೂನ್‌ನಿಂದ ನವೆಂಬರ್‌ವರೆಗೆ ಹಕ್ಕಿಗಳ ಕಾಲ. ಬಿಳಿ ಕೆಂಬರಲು, ನೀರುಕಾಗೆ, ಹಾವಕ್ಕಿ ಎಲ್ಲಾ ನೀರಲ್ಲಿ ನಿಂತ ಮರಗಳ ಮೇಲೇ ಗೂಡು ಕಟ್ಟುತ್ತವೆ. ನಿಶ್ಶಬ್ದ ಮಾತ್ರ ಕೇಳಬೇಡಿ. ಮರಿಗಳಿದ್ದಾಗ ಸಂತೆಗಿಂತ ಜೋರು ಗಲಾಟೆ. ಆದರೆ ಆ ಗಲಾಟೆಗೆ ಯಾರಿಗೂ ತಲೆನೋವು ಬಂದಿದ್ದು ನಾನು ನೋಡಿಲ್ಲ. ನವೆಂಬರ್ ಕೊನೆ ಅಂದರೆ ಹಕ್ಕಿ ಕಡಿಮೆಯಾಗಿರುತ್ತವೆ. ಎರಡು ವಾರ ಮುಂಚೆ ಬಂದರೆ ಒಳ್ಳೇದು. ಬನವಾಸಿ ಹತ್ತಿರವೇ ಇದೆ, ಮಧುಕೇಶ್ವರನನ್ನೂ ನೋಡಿಕೊಂಡು ಹೋಗಬಹುದು.

ಇಲ್ಲಿ ಯಾರೂ ಹೇಳದ ಒಂದು ವಿಷಯ ಉಣುಗು, ಅಂದರೆ ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆ. ಮಳೆಗಾಲದಲ್ಲಿ ಎಲ್ಲರೂ ಇಂಬಳಕ್ಕೆ (ಜಿಗಣೆಗೆ) ಹೆದರುತ್ತಾರೆ. ಇಂಬಳ ರಕ್ತ ಕುಡಿದು ಬಿದ್ದು ಹೋಗುತ್ತದೆ, ಅಷ್ಟೇ. ಉಣುಗು ಹಾಗಲ್ಲ. ಮಂಗನ ಕಾಯಿಲೆ ಹರಡುವುದು ಅದರಿಂದಲೇ. 1957ರಲ್ಲಿ ಈ ಕಾಯಿಲೆ ಮೊದಲು ಗೊತ್ತಾಗಿದ್ದು ನಮ್ಮ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹಾಗಾಗಿ ನಮ್ಮಲ್ಲಿ ಮಕ್ಕಳಿಗೂ ಇದು ಗೊತ್ತು. ಪೇಟೆಯವರಿಗೆ ಗೊತ್ತಿಲ್ಲ. ಮಳೆ ನಿಂತು ದಾರಿ ಒಣಗಿ, ತಿರುಗಾಡಲು ಹಿತವಾಗುವ ಹೊತ್ತಿಗೇ ಉಣುಗಿನ ಕಾಲವೂ ಶುರು. ಮೇ ತಿಂಗಳವರೆಗೂ ಇರುತ್ತದೆ.

ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಉದ್ದ ಪ್ಯಾಂಟು ಹಾಕಿ, ಅದನ್ನು ಕಾಲುಚೀಲದೊಳಗೆ ಸೇರಿಸಿ. ತಿಳಿ ಬಣ್ಣದ ಬಟ್ಟೆಯಾದರೆ ಹತ್ತಿದ್ದು ಕಾಣುತ್ತದೆ. ತರಗೆಲೆ ಮೇಲೆ ಹಾಗೇ ಕೂರಬೇಡಿ, ಮಲಗಲಂತೂ ಬೇಡ. ಬಂದ ತಕ್ಷಣ ಬಿಸಿನೀರಿನ ಸ್ನಾನ, ಬಟ್ಟೆಯನ್ನೂ ಬಿಸಿನೀರಿಗೆ ಹಾಕಿ. ಉಣುಗು ಹತ್ತದ ಹಾಗೆ ಮೈಗೆ ಹಚ್ಚಲು ಆರೋಗ್ಯ ಇಲಾಖೆಯವರು ಡೆಪಾ ಎಣ್ಣೆ ಕೊಡುತ್ತಾರೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅಲ್ಲಿಯವರಿಗೆ ತಿಳಿಸಿ. ಊರಿಗೆ ಹೋದ ಮೇಲೆ ಹತ್ತು ದಿನದೊಳಗೆ ಜೋರು ಜ್ವರ, ಮೈಕೈ ನೋವು ಬಂದರೆ ಡಾಕ್ಟರಿಗೆ ಕಾಡಿಗೆ ಹೋಗಿದ್ದನ್ನು ಮೊದಲು ಹೇಳಿ. ಬೆಂಗಳೂರಿನ ಡಾಕ್ಟರು ತಾವಾಗಿ ಅದನ್ನು ಕೇಳುವುದು ಅಪರೂಪ.

ಇನ್ನೊಬ್ಬರು:
ಇಲ್ಲಿ ಹೆಸರು ಹಾಕಿದ ಕೆರೆ ಮುಂದಿನ ವರ್ಷ ಶಾಂತವಾಗಿರುವುದಿಲ್ಲ ಅಂತ ನನ್ನ ಭಯ. ರೀಲ್ಸ್ ಬಂದ ಮೇಲೆ ಎಷ್ಟು ಜಾಗ ಹಾಳಾಗಿಲ್ಲ ಹೇಳಿ.

ಕಡೂರು ಕಡೆಯವರು ಮತ್ತೆ:
ಅಯ್ಯನಕೆರೆ ಗುಟ್ಟಿನ ಜಾಗ ಅಲ್ಲ ಸರ್, ನೂರಾರು ವರ್ಷದಿಂದ ಊರಿಗೆಲ್ಲ ನೀರು ಕೊಡುತ್ತಿರುವ ಕೆರೆ. ಹೆಸರು ಹೇಳಿದ್ದರಿಂದ ಅದು ಹಾಳಾಗಲ್ಲ. ಬಾಟಲಿ ಒಡೆಯುವವರಿಂದ ಹಾಳಾಗುತ್ತದೆ. ಆದರೆ ಬೆಟ್ಟದ ಒಳಗಿನ ಸಣ್ಣ ಕೆರೆಗಳ ವಿಷಯದಲ್ಲಿ ನೀವು ಹೇಳಿದ್ದು ಸರಿ. ಅವು ಪ್ರಾಣಿಗಳು ನೀರು ಕುಡಿಯುವ ಜಾಗ. ಗೂಗಲ್ ಮ್ಯಾಪಿನಲ್ಲಿ ನೀಲಿ ಚುಕ್ಕೆ ಕಂಡಿತು ಅಂತ ಕಾಡು ನುಗ್ಗಬಾರದು. ಮೀಸಲು ಅರಣ್ಯಕ್ಕೆ ಅನುಮತಿ ಬೇಕು, ಟೆಂಟ್ ಹಾಕಿ ಬೆಂಕಿ ಹಚ್ಚಿದರೆ ಕೇಸು ಬೀಳುತ್ತದೆ. ಚಾರಣ ಮಾಡಲೇಬೇಕು ಅನ್ನುವವರಿಗೆ ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣ ಇದೆ. ಯಾವ ದಾರಿ ತೆರೆದಿದೆ ಅಂತ ನೋಡಿ ಅಲ್ಲೇ ಟಿಕೆಟ್ ಮಾಡಬಹುದು.

ಜಿಗಣಿಯಿಂದ, ಸೈಕಲ್ ಹೊಡೆಯುವವನು:
ಒಂದೇ ದಿನಕ್ಕೆ ಅಂತ ಯಾರಾದರೂ ತಟ್ಟೆಕೆರೆ ಹೇಳುವ ಮುಂಚೆ ನಾನೇ ಹೇಳಿಬಿಡುತ್ತೇನೆ. ಜಾಗ ಸೂಪರ್. ಆದರೆ ಬನ್ನೇರುಘಟ್ಟ ಕಾಡಿನ ಅಂಚು ಅದು, ಸಂಜೆ ಆನೆಗಳು ನೀರಿಗೆ ಬರುತ್ತವೆ. ನಮ್ಮ ಗುಂಪು ಮಧ್ಯಾಹ್ನಕ್ಕೆ ಮೊದಲೇ ವಾಪಸ್ ಹೊರಡುತ್ತದೆ. ಓಡಲು ಆಗದ ಅಮ್ಮನನ್ನು ಕರೆದುಕೊಂಡು ಅಲ್ಲಿ ಸೂರ್ಯಾಸ್ತ ನೋಡುವ ಪ್ಲಾನ್ ಬೇಡ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಅಯ್ಯನಕೆರೆ ಅಂತ ಆಯ್ತು, ಮಂಗಳವಾರ, ಬುಧವಾರ. ಗುಡವಿ ಮುಂದಿನ ಸಲ, ಅಮ್ಮ ಆಗಲೇ ಬನವಾಸಿ ಬನವಾಸಿ ಅಂತಿದ್ದಾರೆ. ಕಾರು ಬಿಟ್ಟು ರೈಲಲ್ಲಿ ಬಂದರೆ ಆಗುತ್ತದಾ? ಊಟಕ್ಕೆ ಅಲ್ಲಿ ಏನಾದರೂ ಸಿಗುತ್ತದಾ?

ಕಡೂರು ಕಡೆಯವರು:
ಧಾರಾಳವಾಗಿ ಬನ್ನಿ. ಶಿವಮೊಗ್ಗ, ಹುಬ್ಬಳ್ಳಿ ಕಡೆಯ ಹಲವು ರೈಲುಗಳು ಕಡೂರಿನಲ್ಲಿ ನಿಲ್ಲುತ್ತವೆ. ಅಲ್ಲಿಂದ ಚಿಕ್ಕಮಗಳೂರು ಬಸ್ ಹತ್ತಿ ಸಖರಾಯಪಟ್ಟಣದಲ್ಲಿ ಇಳಿಯಿರಿ. ಕೆರೆಗೆ ಆಟೊ ಮಾಡಿಕೊಳ್ಳಿ. ಕೆರೆ ಹತ್ತಿರ ಬಾಡಿಗೆ ಸಿಗುವುದು ಕಷ್ಟ, ಆದ್ದರಿಂದ ಹೋಗಿ ಬರುವುದಕ್ಕೆ ಸೇರಿಸಿ ಮಾತಾಡಿ, ಡ್ರೈವರ್ ನಂಬರ್ ಇಟ್ಟುಕೊಳ್ಳಿ. ರಾತ್ರಿ ಉಳಿಯಲು ಚಿಕ್ಕಮಗಳೂರೇ ವಾಸಿ. ಊಟದ ಭರವಸೆ ಇಟ್ಟುಕೊಳ್ಳಬೇಡಿ. ಚಿತ್ರಾನ್ನವೋ ಚಪಾತಿಯೋ ಕಟ್ಟಿಸಿಕೊಂಡು ಬನ್ನಿ, ಕುಡಿಯುವ ನೀರು ಜಾಸ್ತಿ ತನ್ನಿ. ಅಮ್ಮನಿಗೆ ಒಂದು ಸ್ವೆಟರ್, ಕೂರಲು ದಪ್ಪ ಚಾಪೆ. ಅಕ್ಕ ಹೇಳಿದ ಹಾಗೆ ತರಗೆಲೆ ಇಲ್ಲದ ಕಡೆ ಹಾಸಿ.