ಸಹಾಯ ಬೇಕು: ಚರ್ಚ್ ಕಟ್ಟಡದ ಕಂಬಿಗೆ ತುಕ್ಕು

ಎಲ್ಲರಿಗೂ ನಮಸ್ಕಾರ. ಕಾರವಾರದಲ್ಲಿ, ಕಡಲಿಗೆ ತೀರ ಹತ್ತಿರ, ನಮ್ಮ ಸಭೆಯ ಹೊಸ ಚರ್ಚ್ ಏಳುತ್ತಿದೆ. ಚಿರೆಕಲ್ಲಿನ ಗೋಡೆ ಕಿಟಕಿಯ ಮಟ್ಟಕ್ಕೆ ಬಂದಾಗ ಹಣ ಮುಗಿಯಿತು. ಪಿಲ್ಲರ್ ಕಂಬಿಗಳು ಇಡೀ ಮಳೆಗಾಲ ಬಯಲಿನಲ್ಲೇ ನಿಂತವು. ತುಕ್ಕು ಹಿಡಿಯದಿರಲೆಂದು ಬಳಿದಿದ್ದ ಸಿಮೆಂಟ್ ಹಾಲು (ನೀರಿನಲ್ಲಿ ತೆಳುವಾಗಿ ಕಲಸಿದ ಸಿಮೆಂಟ್) ತೊಳೆದುಹೋಯಿತು. ಈಗ ತಂತಿ ಬ್ರಷ್‌ನಿಂದ ಉಜ್ಜಿದರೆ ತುಕ್ಕು ಪದರ ಪದರವಾಗಿ ಉದುರುತ್ತದೆ. ಕಾಂಕ್ರೀಟಿನಿಂದ ಹೊರಬರುವ ಬುಡದಲ್ಲಿ ಕಂಬಿಯ ಮೈಮೇಲಿನ ಏಣುಗಳೇ (ಉಬ್ಬು ಗೆರೆಗಳೇ) ಸವೆದಿವೆ.

16 ಮಿಲಿಮೀಟರ್ ಕಂಬಿ ಮೀಟರಿಗೆ ಸುಮಾರು 1.58 ಕಿಲೋ ತೂಗಬೇಕು. ಮೇಲ್ತುದಿಯ ತುಂಡು ಕತ್ತರಿಸಿ ತೂಗಿದೆವು, ಸರಿಯಾಗಿಯೇ ಇದೆ. ಬುಡವನ್ನು ತೂಗುವುದು ಹೇಗೆ? ಮೇಸ್ತ್ರಿ ಇದೇ ಸಾಕು ಎನ್ನುತ್ತಾರೆ, ಎಂಜಿನಿಯರ್ ಹೊಸ ಕಂಬಿ ಕೂರಿಸಬೇಕು ಎನ್ನುತ್ತಾರೆ. ಕಾಣಿಕೆಯ ಹಣ ಮೀನು ಮಾರಿದವರ ದುಡಿಮೆ. ಆದರೂ ಜನರ ತಲೆಯ ಮೇಲಿನ ಛಾವಣಿಯಲ್ಲಿ ರಾಜಿ ಬೇಡ.

ಕರಾವಳಿಯಲ್ಲಿ ಕಟ್ಟಿಸಿದವರು ದಯವಿಟ್ಟು ತಿಳಿಸಿ: ಬುಡ ಎಷ್ಟು ಸವೆದರೆ ಕಂಬಿ ಬದಲಿಸಲೇಬೇಕು, ಅದನ್ನು ಸ್ಥಳದಲ್ಲೇ ಅಳೆಯುವುದು ಹೇಗೆ?